ಎಕರೆ ಅರಿಶಿನಕ್ಕೆ ಆರೂವರೆ ಸೀಸೆ

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ನೀರಾವರಿ ಹೊಲದಲ್ಲಿ ಬೆಳೆ ಚೆನ್ನಾಗಿ ಬಂದರೆ ಒಂದು ಎಕರೆಗೆ ಹಸಿ ಅರಿಶಿನ ಸುಮಾರು 100 ಕ್ವಿಂಟಾಲ್. ಬೇಯಿಸಿ, ಒಣಗಿಸಿ, ಪಾಲಿಶ್ ಮಾಡುವ ಹೊತ್ತಿಗೆ ಅದರಲ್ಲಿ ಐದನೇ ಒಂದು ಪಾಲು ಉಳಿಯುತ್ತದೆ: 20 ಕ್ವಿಂಟಾಲ್. ಕ್ವಿಂಟಾಲಿಗೆ 13,000 ರೂಪಾಯಿ ಎಂದು ಹಿಡಿಯೋಣ. ಬಿತ್ತನೆ ಗೆಡ್ಡೆ, ಗೊಬ್ಬರ, ಕಳೆ, ಕೀಳುವ ಕೂಲಿ, ಬೇಯಿಸುವ ಖರ್ಚು ಯಾವುದನ್ನೂ ಕಳೆಯದೆ ಕೈಗೆ ಬರುವ ಹಣ 2,60,000 ರೂಪಾಯಿ.

ಈಗ ಇನ್ನೊಂದು ಸರಕು. ಜೀವಕೋಶದ ಪ್ರೋಟೀನಿನ ಮೇಲೆ ಅಸಿಟೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಅಂಟಿಕೊಂಡಿದೆಯೇ ಇಲ್ಲವೇ ಎಂದು ಪತ್ತೆಹಚ್ಚಲು ಪ್ರಯೋಗಾಲಯಗಳು ಕೊಳ್ಳುವ ಪ್ರತಿಕಾಯ. ವಿದೇಶಿ ಕಂಪನಿಗಳು ಇದನ್ನು 100 ಮೈಕ್ರೊಲೀಟರಿನ ಸೀಸೆಗಳಲ್ಲಿ ಮಾರುತ್ತವೆ. ಬೆಲೆ ಸಾಮಾನ್ಯವಾಗಿ 300ರಿಂದ 500 ಡಾಲರ್. ಸಾಗಣೆ, ತೆರಿಗೆ, ಏಜೆನ್ಸಿಯ ಪಾಲು ಸೇರಿಸಿ ಇಲ್ಲಿಯ ಲೆಕ್ಕಕ್ಕೆ ಸೀಸೆಗೆ 40,000 ರೂಪಾಯಿ ಎಂದು ನಾನು ಹಿಡಿದಿದ್ದೇನೆ. ಹಾಗಾದರೆ ಒಂದು ಎಕರೆಯ, ಎಂಟು ಒಂಬತ್ತು ತಿಂಗಳ ಅರಿಶಿನದ ಪೂರ್ತಿ ಹಣಕ್ಕೆ ಸಿಗುವುದು ಆರೂವರೆ ಸೀಸೆ. ಅಳತೆಯಲ್ಲಿ 0.65 ಮಿಲಿಲೀಟರ್. ಒಂದು ಚಹಾ ಚಮಚಕ್ಕೆ 5 ಮಿಲಿಲೀಟರ್ ಬೇಕು.

ಈ ಎರಡು ಸರಕುಗಳನ್ನು ನಾನು ಸುಮ್ಮನೆ ಪಕ್ಕಪಕ್ಕ ಇಟ್ಟಿಲ್ಲ. 2004ರಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಇವೆರಡೂ ಒಂದೇ ಪ್ರಯೋಗದ ಮೇಜಿಗೆ ಬಂದಿದ್ದವು. ತಪಸ್ ಕುಂದು ಅವರ ತಂಡ ಅರಿಶಿನದ ಹಳದಿಯ ಮೂಲವಾದ ಕರ್ಕ್ಯುಮಿನ್, ಪಿ300 ಎಂಬ ಕಿಣ್ವದ ಕೆಲಸವನ್ನು ತಡೆಯುತ್ತದೆ ಎಂದು ಅಮೆರಿಕದ ಜರ್ನಲ್ ಆಫ್ ಬಯಾಲಾಜಿಕಲ್ ಕೆಮಿಸ್ಟ್ರಿಯಲ್ಲಿ ಪ್ರಕಟಿಸಿತು. ಪ್ರೋಟೀನಿಗೆ ಅಸಿಟೈಲ್ ಗುಂಪು ಅಂಟಿಸುವುದೇ ಪಿ300 ಕಿಣ್ವದ ಕೆಲಸ. ಕುಂದು ಅವರಿಗೆ ಮರುವರ್ಷ, 2005ರಲ್ಲಿ, ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ಬಂತು. ಅರಿಶಿನ ಬೆಳೆಯುವ ನಾಡಿನ ಓದುಗರಿಗೆ ಈ ಸಂಶೋಧನೆಯ ಹಿಂದಿನ ಅಳತೆ ಮತ್ತು ಹಣದ ಲೆಕ್ಕ ಗೊತ್ತಿರಬೇಕು. ಯಾಕೆಂದರೆ 'ಅರಿಶಿನದಲ್ಲಿ ಔಷಧ ಇದೆ' ಎನ್ನುವ ಮಾತು ಪುಕ್ಕಟೆ ಸಿಗುತ್ತದೆ, ಅದನ್ನು ಒರೆಗೆ ಹಚ್ಚುವ ಕೆಲಸಕ್ಕೆ ಮಾತ್ರ ದುಡ್ಡು ಬೇಕು.

42 ಡಾಲ್ಟನ್ ಹುಡುಕುವ ಕೆಲಸ

ನಮ್ಮ ಬಹುತೇಕ ಜೀವಕೋಶಗಳಲ್ಲಿ ಡಿಎನ್‌ಎ ಎಳೆ ಹಿಸ್ಟೋನ್ ಎಂಬ ಪ್ರೋಟೀನುಗಳ ಸುತ್ತ ಸುತ್ತಿಕೊಂಡಿರುತ್ತದೆ. ಹಿಸ್ಟೋನಿನಲ್ಲಿ ಲೈಸೀನ್ ಎಂಬ ಅಮೈನೊ ಆಮ್ಲ ಹೆಚ್ಚು. ಅದರ ಮೇಲೆ ಧನ ವಿದ್ಯುದಂಶ ಇರುತ್ತದೆ, ಡಿಎನ್‌ಎ ಮೇಲೆ ಋಣ. ಆದ್ದರಿಂದ ಎರಡೂ ಬಿಗಿಯಾಗಿ ಅಂಟಿಕೊಳ್ಳುತ್ತವೆ. ಲೈಸೀನಿಗೆ ಅಸಿಟೈಲ್ ಗುಂಪು ಸೇರಿದರೆ ಆ ಧನ ವಿದ್ಯುದಂಶ ಹೋಗುತ್ತದೆ, ಹಿಡಿತ ಸಡಿಲವಾಗುತ್ತದೆ, ಅಲ್ಲಿನ ವಂಶವಾಹಿ ಓದಿಗೆ ತೆರೆದುಕೊಳ್ಳುತ್ತದೆ. ಇಂಥ ನಂಟು ಇರಬಹುದೆಂದು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ವಿನ್ಸೆಂಟ್ ಆಲ್‌ಫ್ರಿ 1964ರಲ್ಲೇ ಹೇಳಿದ್ದರು. ಪಿ300 ಈ ಗುಂಪನ್ನು ಅಂಟಿಸುವ ಕಿಣ್ವ ಎಂದು ಗೊತ್ತಾದದ್ದು 1996ರಲ್ಲಿ. ಗುಂಪನ್ನು ಕಿತ್ತುಹಾಕುವ ಕಿಣ್ವಗಳೂ ಇವೆ, ಮನುಷ್ಯರಲ್ಲಿ 18.

ಗುಂಪು ಅಂಟಿದಾಗ ಪ್ರೋಟೀನಿನ ತೂಕ, ಅಣುಗಳನ್ನು ತೂಗುವ ಡಾಲ್ಟನ್ ಮಾನದಲ್ಲಿ, ಎಷ್ಟು ಹೆಚ್ಚುತ್ತದೆ? 42 ಡಾಲ್ಟನ್. ಹಿಸ್ಟೋನ್ ಎಚ್3 ಪ್ರೋಟೀನಿನ ತೂಕ ಸುಮಾರು 15,300 ಡಾಲ್ಟನ್. ಅಂದರೆ ಬದಲಾವಣೆ ಶೇ. 0.27. ಪಿ53 ಎಂಬ ಪ್ರೋಟೀನ್ ಜೆಲ್‌ನಲ್ಲಿ 53,000ದ ಹತ್ತಿರ ನಿಲ್ಲುತ್ತದೆ, ಅಲ್ಲಿ ಬದಲಾವಣೆ ಶೇ. 0.08. ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಸಾಮಾನ್ಯ ಜೆಲ್ ಇಷ್ಟು ಸಣ್ಣ ವ್ಯತ್ಯಾಸವನ್ನು ತೋರಿಸಲಾರದು. ಸಾಲದ್ದಕ್ಕೆ ಜೀವಕೋಶದ ಬಹುತೇಕ ಲೈಸೀನ್ ಜಾಗಗಳಲ್ಲಿ ನೂರು ಅಣುಗಳಿಗೆ ಒಂದಕ್ಕೂ ಕಡಿಮೆ ಅಣುವಿನ ಮೇಲೆ ಈ ಗುಂಪು ಇರುತ್ತದೆ. ಹೀಗಿರುವಾಗ ಅಸಿಟೈಲ್ ಸೇರಿದ ಲೈಸೀನಿಗೆ ಮಾತ್ರ ಕಚ್ಚಿಕೊಳ್ಳುವ, ಸೇರದ ಲೈಸೀನನ್ನು ಬಿಟ್ಟುಬಿಡುವ ಒಂದು ಅಣು ಬೇಕು. ಅದೇ ಪ್ರತಿಕಾಯ. ಸಾಮಾನ್ಯವಾಗಿ ಮೊಲಕ್ಕೆ ಅಸಿಟೈಲ್ ಸೇರಿಸಿದ ಪ್ರೋಟೀನ್ ಅಥವಾ ಪೆಪ್ಟೈಡ್ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯವನ್ನು ಶುದ್ಧಿ ಮಾಡಿ ಪಡೆಯುತ್ತಾರೆ. ಒಂದೊಂದರ ತೂಕ ಸುಮಾರು 1,50,000 ಡಾಲ್ಟನ್. 42 ಡಾಲ್ಟನ್ನಿನ ಗುಂಪನ್ನು ಹುಡುಕಲು ಅದರ ಮೂರೂವರೆ ಸಾವಿರ ಪಟ್ಟು ತೂಕದ ಅಣುವನ್ನು ಕಳಿಸಬೇಕು.

ಇಂಥ ಪ್ರತಿಕಾಯ ಇಲ್ಲದಿದ್ದರೆ ಈ ಕ್ಷೇತ್ರವೇ ಬೆಳೆಯುತ್ತಿರಲಿಲ್ಲ. 2006ರಲ್ಲಿ ಒಂದು ತಂಡ ಅಸಿಟೈಲ್-ಲೈಸೀನ್ ಪ್ರತಿಕಾಯವನ್ನೇ ಬಲೆಯಾಗಿ ಬಳಸಿ 195 ಪ್ರೋಟೀನುಗಳಲ್ಲಿ 388 ಜಾಗಗಳನ್ನು ಪತ್ತೆಮಾಡಿತು. 2009ರಲ್ಲಿ ಇನ್ನೊಂದು ತಂಡಕ್ಕೆ 1,750 ಪ್ರೋಟೀನುಗಳಲ್ಲಿ 3,600 ಜಾಗಗಳು ಸಿಕ್ಕವು. ಮೂರೇ ವರ್ಷದಲ್ಲಿ ಒಂಬತ್ತು ಪಟ್ಟು. ಮುಖ್ಯವಾಗಿ ಹಿಸ್ಟೋನಿಗೆ ಸಂಬಂಧಿಸಿದ್ದು ಎಂದುಕೊಂಡಿದ್ದ ಈ ಅಂಟು ಜೀವಕೋಶದ ತುಂಬ ಹರಡಿದೆ ಎಂದು ಗೊತ್ತಾದದ್ದು ಹೀಗೆ.

ತಟ್ಟೆಗೆ ಪೈಸೆಯೂ ಇಲ್ಲ, ಪೊರೆಗೆ ನಾಲ್ಕು ಸಾವಿರ

ಕರ್ಕ್ಯುಮಿನ್ ಸುಮಾರು 25 ಮೈಕ್ರೊಮೋಲಾರ್ ಸಾಂದ್ರತೆಯಲ್ಲಿ ಪಿ300 ಕಿಣ್ವದ ಕೆಲಸವನ್ನು ಅರ್ಧಕ್ಕೆ ಇಳಿಸುತ್ತದೆ. ಕರ್ಕ್ಯುಮಿನ್ನಿನ ಅಣುತೂಕ 368.4. ಗುಣಿಸಿದರೆ ಒಂದು ಲೀಟರಿಗೆ 9.2 ಮಿಲಿಗ್ರಾಂ. ಜೀವಕೋಶ ಬೆಳೆಸುವ ಒಂದು ತಟ್ಟೆಯಲ್ಲಿ 10 ಮಿಲಿಲೀಟರ್ ದ್ರವ ಇರುತ್ತದೆ ಎಂದುಕೊಂಡರೆ ಬೇಕಾಗುವುದು 92 ಮೈಕ್ರೊಗ್ರಾಂ.

ಒಂದು ಕಿಲೊ ಒಣ ಅರಿಶಿನದಲ್ಲಿ ಶೇ. 3ರಂತೆ 30 ಗ್ರಾಂ ಹಳದಿ ಅಂಶ ಇದೆ ಎಂದಿಟ್ಟುಕೊಳ್ಳಿ. ಅದರ ಮುಕ್ಕಾಲು ಪಾಲು ನಿಜವಾದ ಕರ್ಕ್ಯುಮಿನ್, ಉಳಿದದ್ದು ಅದರ ಇಬ್ಬರು ದಾಯಾದಿ ಅಣುಗಳು. 22.5 ಗ್ರಾಂ ಕರ್ಕ್ಯುಮಿನ್ ಎಂದರೆ 2,44,000 ತಟ್ಟೆಗಳಿಗೆ ಸಾಕು. ಕಿಲೊಗೆ 130 ರೂಪಾಯಿಯ ಲೆಕ್ಕದಲ್ಲಿ ಒಂದು ಪೈಸೆಗೆ 18 ತಟ್ಟೆ! ಎಕರೆಯ 20 ಕ್ವಿಂಟಾಲ್ 48 ಕೋಟಿಗೂ ಹೆಚ್ಚು ತಟ್ಟೆಗಳಿಗೆ ಆದೀತು. ಪ್ರಯೋಗಾಲಯದಲ್ಲಿ ಮಂಡಿಯ ಅರಿಶಿನವನ್ನು ನೇರವಾಗಿ ಬಳಸುವುದಿಲ್ಲ, ಶುದ್ಧೀಕರಿಸಿದ ಕರ್ಕ್ಯುಮಿನ್ ಬೇಕು, ನಿಜ. ಗ್ರಾಮಿಗೆ 5,000 ರೂಪಾಯಿ ಕೊಟ್ಟು ಕೊಂಡರೂ ತಟ್ಟೆಗೆ ಬೀಳುವ ಖರ್ಚು 46 ಪೈಸೆ.

ಇನ್ನು ಅಳೆಯುವ ಕಡೆಯ ಲೆಕ್ಕ. ತಟ್ಟೆಯ ಜೀವಕೋಶಗಳನ್ನು ಒಡೆದು, ಒಂದೊಂದು ಸಾಲಿಗೆ 20ರಿಂದ 30 ಮೈಕ್ರೊಗ್ರಾಂ ಪ್ರೋಟೀನ್ ಹಾಕಿ, ಜೆಲ್‌ನಲ್ಲಿ ಓಡಿಸಿ, ತೆಳ್ಳನೆಯ ಪೊರೆಯ ಮೇಲೆ ವರ್ಗಾಯಿಸುತ್ತಾರೆ. ಹಿಸ್ಟೋನಿನಂಥ ಸಣ್ಣ ಪ್ರೋಟೀನ್ ಆದರೆ 0.45 ಮೈಕ್ರೊಮೀಟರ್ ರಂಧ್ರದ ಪೊರೆಗಿಂತ 0.2ರದ್ದು ಒಳ್ಳೆಯದು, ಇಲ್ಲದಿದ್ದರೆ ಪ್ರೋಟೀನ್ ಆಚೆಗೆ ದಾಟಿ ಹೋಗುತ್ತದೆ. ಪೊರೆಯ ಖಾಲಿ ಜಾಗಕ್ಕೆ ಪ್ರತಿಕಾಯ ಅಂಟದಿರಲೆಂದು ಶೇ. 5ರ ಕೆನೆ ತೆಗೆದ ಹಾಲಿನ ಪುಡಿಯ ದ್ರಾವಣದಲ್ಲಿ ನೆನೆಸುತ್ತಾರೆ. 10 ಮಿಲಿಲೀಟರಿಗೆ ಅರ್ಧ ಗ್ರಾಂ ಪುಡಿ, ಕಿಲೊಗೆ 400 ರೂಪಾಯಿ ಎಂದರೂ 20 ಪೈಸೆಯ ಮಾತು. ಆಮೇಲೆ ಪ್ರತಿಕಾಯ. ಸಾವಿರಕ್ಕೆ ಒಂದರಂತೆ ತೆಳುಮಾಡಿದರೆ 10 ಮಿಲಿಲೀಟರಿಗೆ 10 ಮೈಕ್ರೊಲೀಟರ್ ಬೇಕು. ಸೀಸೆಯ ಹತ್ತನೇ ಒಂದು ಭಾಗ, 4,000 ರೂಪಾಯಿ.

46 ಪೈಸೆಯ ಮದ್ದು, 4,000 ರೂಪಾಯಿಯ ಅಳತೆ. ಇದು ಸರಿಸುಮಾರು 8,700 ಪಟ್ಟು.

ಒಂದು ಪೊರೆಯಿಂದ ಉತ್ತರ ಸಿಗುವುದೂ ಇಲ್ಲ. ಎಲ್ಲ ಅಸಿಟೈಲ್-ಲೈಸೀನನ್ನೂ ಹಿಡಿಯುವ ಪ್ರತಿಕಾಯ ಒಂದು, ಪಿ53ರ ಗೊತ್ತಾದ ಒಂದು ಜಾಗವನ್ನಷ್ಟೇ ಹಿಡಿಯುವುದು ಇನ್ನೊಂದು, ಅಸಿಟೈಲ್ ಇರಲಿ ಬಿಡಲಿ ಒಟ್ಟು ಪಿ53 ಎಷ್ಟಿದೆ ಎಂದು ತೋರಿಸುವುದು ಮೂರನೆಯದು. ಈ ಮೂರನೆಯದನ್ನು ಬಿಟ್ಟು ಹಣ ಉಳಿಸುವವರಿದ್ದಾರೆ. ಹಾಗೆ ಮಾಡಬಾರದು. ಪೊರೆಯ ಮೇಲೆ ಕಾಣುವ ಪಟ್ಟಿ ಮಸುಕಾದದ್ದು ಅಸಿಟೈಲ್ ಕಡಿಮೆಯಾದ್ದರಿಂದಲೋ ಪ್ರೋಟೀನೇ ಕಡಿಮೆಯಾದ್ದರಿಂದಲೋ ಎಂದು ಅದಿಲ್ಲದೆ ಹೇಳಲು ಬರುವುದಿಲ್ಲ. ಮೂರು ಪ್ರತಿಕಾಯ, ಮೂರು ಬಾರಿಯ ಪ್ರಯೋಗ, ಒಟ್ಟು 9 ಪೊರೆ. ಕೈತಪ್ಪಿ ಕೆಟ್ಟದ್ದಕ್ಕೆ, ಮರುಪ್ರಯೋಗಕ್ಕೆ ಎಂದು ಇಮ್ಮಡಿ ಮಾಡಿದರೆ 18. ಮೂರು ಸೀಸೆಗೆ 1,20,000 ರೂಪಾಯಿ ಮೊದಲೇ ಕಟ್ಟಬೇಕು. ಅರಿಶಿನದ ಲೆಕ್ಕದಲ್ಲಿ ಒಂಬತ್ತು ಕಾಲು ಕ್ವಿಂಟಾಲ್, ಅರ್ಧ ಎಕರೆಗೆ ಹತ್ತಿರ.

ಜೀವಕೋಶ ಒಡೆಯುವ ದ್ರಾವಣಕ್ಕೆ ಅಸಿಟೈಲ್ ಕೀಳುವ ಕಿಣ್ವಗಳನ್ನು ತಡೆಯುವ ವಸ್ತು ಸೇರಿಸಲೇಬೇಕು. ಇಲ್ಲವಾದರೆ ಒಡೆದ ಕೂಡಲೇ ಆ ಕಿಣ್ವಗಳು ಅಸಿಟೈಲನ್ನು ಕಿತ್ತುಹಾಕುತ್ತವೆ, ನಾಲ್ಕು ಸಾವಿರದ ಪ್ರತಿಕಾಯಕ್ಕೆ ಹಿಡಿಯಲು ಏನೂ ಉಳಿಯುವುದಿಲ್ಲ. 10 ಮಿಲಿಲೀಟರಿಗೆ 5 ಮಿಲಿಮೋಲಾರ್ ಸೋಡಿಯಂ ಬ್ಯುಟಿರೇಟ್ ಎಂದರೆ ಐದೂವರೆ ಮಿಲಿಗ್ರಾಂ, ಅಷ್ಟೇ ಸಾಂದ್ರತೆಯ ನಿಕೊಟಿನಮೈಡ್ ಎಂದರೆ 6.1 ಮಿಲಿಗ್ರಾಂ. ಎರಡೂ ಅಗ್ಗ. ಈ ಅಗ್ಗದ ಎರಡು ಪುಡಿಗಳನ್ನು ಮರೆತರೆ ದುಬಾರಿಯದ್ದೆಲ್ಲ ನೀರುಪಾಲು.

ಎಲ್ಲಕ್ಕಿಂತ ದೊಡ್ಡ ಸೋರಿಕೆ ಇನ್ನೊಂದಿದೆ. ಸೀಸೆಯ ಮೇಲೆ ಬರೆದದ್ದನ್ನೇ ಪ್ರತಿಕಾಯ ಹಿಡಿಯುತ್ತದೆ ಎಂಬ ಖಾತರಿ ಇಲ್ಲ. 2011ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ ಹಿಸ್ಟೋನ್ ಬದಲಾವಣೆಗಳಿಗೆಂದು ಮಾರುತ್ತಿದ್ದ, ತಯಾರಿಸಿದ್ದ 246 ಪ್ರತಿಕಾಯಗಳನ್ನು ಪರೀಕ್ಷೆ ಮಾಡಿದರು. ಕಾಲು ಭಾಗಕ್ಕೂ ಹೆಚ್ಚು ಪ್ರತಿಕಾಯಗಳು ನಿರ್ದಿಷ್ಟತೆಯ ಪರೀಕ್ಷೆಯಲ್ಲಿ ಸೋತವು. 2015ರಲ್ಲಿ ನೇಚರ್ ಪತ್ರಿಕೆಯಲ್ಲಿ ವಿಜ್ಞಾನಿಗಳ ದೊಡ್ಡ ಗುಂಪೊಂದು ಜಗತ್ತಿನಲ್ಲಿ ವರ್ಷಕ್ಕೆ 80 ಕೋಟಿ ಡಾಲರ್ ಕೆಟ್ಟ ಪ್ರತಿಕಾಯಗಳ ಮೇಲೆ ಪೋಲಾಗುತ್ತಿದೆ ಎಂದು ಅಂದಾಜು ಮಾಡಿತು. ನಾಲ್ಕರಲ್ಲಿ ಒಂದು ಕೆಲಸಕ್ಕೆ ಬಾರದು ಎಂದರೆ ಕೆಲಸಕ್ಕೆ ಬರುವ ಸೀಸೆಯ ನಿಜ ಬೆಲೆ 40,000 ಅಲ್ಲ, 53,000. ಶ್ರೀಮಂತ ಪ್ರಯೋಗಾಲಯ ಇನ್ನೊಂದನ್ನು ತರಿಸಿಕೊಳ್ಳುತ್ತದೆ. ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಆ ವರ್ಷದ ಪ್ರಯೋಗ ಅಲ್ಲಿಗೇ ನಿಲ್ಲುತ್ತದೆ.

ಉಳಿತಾಯಕ್ಕೆ ದಾರಿ ಇಲ್ಲದಿಲ್ಲ. ಪೊರೆಯನ್ನು ಡಬ್ಬಿಯಲ್ಲಿ ತೇಲಿಸುವ ಬದಲು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಸೀಲ್ ಮಾಡಿದರೆ 10 ಮಿಲಿಲೀಟರ್ ಬೇಡ, 3 ಸಾಕು. ಆಗ ಪೊರೆಗೆ 1,200 ರೂಪಾಯಿ. ಬಳಸಿದ ದ್ರಾವಣವನ್ನು ಶೇ. 0.02 ಸೋಡಿಯಂ ಅಜೈಡ್ ಹಾಕಿ 4 ಡಿಗ್ರಿಯಲ್ಲಿಟ್ಟು ಮೂರು ಬಾರಿ ಬಳಸಿದರೆ 400 ರೂಪಾಯಿ. ಅಜೈಡ್ ವಿಷ, ಎಚ್ಚರಿಕೆ ಬೇಕು. ಮೊದಲ ಪ್ರತಿಕಾಯ ಎಲ್ಲಿ ಕೂತಿದೆ ಎಂದು ತೋರಿಸಲು ಬಳಸುವ, ಬೆಳಕು ಹೊಮ್ಮಿಸುವ ಕಿಣ್ವ ಜೋಡಿಸಿದ ಎರಡನೆಯ ಪ್ರತಿಕಾಯಕ್ಕೆ ಅದನ್ನು ಹಾಕಲೂ ಬಾರದು, ಕಿಣ್ವ ಸಾಯುತ್ತದೆ. ಅಷ್ಟು ಜಾಗ್ರತೆಯಿದ್ದರೆ ನಾಲ್ಕು ಸಾವಿರದ ಖರ್ಚು ಹತ್ತನೇ ಒಂದಕ್ಕೆ ಇಳಿಯುತ್ತದೆ. ಮೇಲಿನ 18 ಪೊರೆಗಳ ಪ್ರಯೋಗಕ್ಕೆ, ಮರುಬಳಕೆ ಇಲ್ಲದೆಯೂ, ಪ್ರತಿ ಸೀಸೆಯಿಂದ 18 ಮೈಕ್ರೊಲೀಟರ್ ಮಾತ್ರ ಸಾಕು. 82 ಮೈಕ್ರೊಲೀಟರ್ ಮಿಗುತ್ತದೆ. ಅಂದರೆ ಒಂದೇ ಸೀಸೆ ಐದು ಕಾಲೇಜುಗಳಿಗೆ ಆಗುತ್ತದೆ.

ತೆರಿಗೆಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡಬೇಕು. ಸರ್ಕಾರಿ ಸಂಶೋಧನಾ ಸಂಸ್ಥೆಗಳು ಕೊಳ್ಳುವ ವೈಜ್ಞಾನಿಕ ಉಪಕರಣ, ಸಾಮಗ್ರಿಗಳಿಗೆ 2017ರ ನವೆಂಬರಿನಿಂದ ಇದ್ದ ಶೇ. 5ರ ರಿಯಾಯಿತಿ ಜಿಎಸ್‌ಟಿ ದರವನ್ನು 2022ರ ಜುಲೈನಲ್ಲಿ ತೆಗೆದುಹಾಕಲಾಯಿತು. 2024ರ ಜುಲೈ ಬಜೆಟ್ಟಿನಲ್ಲಿ ಪ್ರಯೋಗಾಲಯ ರಾಸಾಯನಿಕಗಳ ಆಮದು ಸುಂಕ ಶೇ. 10ರಿಂದ 150ಕ್ಕೆ ಏರಿತು. ವಿಜ್ಞಾನಿಗಳು ದೊಡ್ಡ ದನಿಯಲ್ಲಿ ಆಕ್ಷೇಪಿಸಿದ ಮೇಲೆ ಸಂಶೋಧನೆಯ ಬಳಕೆಗೆ ಅದನ್ನು ಮತ್ತೆ 10ಕ್ಕೆ ಇಳಿಸಿದರು. ಸುಂಕ ಏರಿಳಿದ ಆ ಕೆಲವು ದಿನ ದೇಶದ ಪ್ರಯೋಗಾಲಯಗಳು ಎಷ್ಟು ತೆಳ್ಳನೆಯ ದಾರದ ಮೇಲೆ ನಿಂತಿವೆ ಎಂಬುದನ್ನು ತೋರಿಸಿದವು.

ಹೊಲದ ಕಡೆಯ ಅಂಕಿ

ಭಾರತದಲ್ಲಿ 2022-23ರಲ್ಲಿ 3.24 ಲಕ್ಷ ಹೆಕ್ಟೇರಿನಲ್ಲಿ 11.61 ಲಕ್ಷ ಟನ್ ಅರಿಶಿನ ಬೆಳೆಯಿತು, ಜಗತ್ತಿನ ಉತ್ಪಾದನೆಯ ಮುಕ್ಕಾಲು ಪಾಲಿಗಿಂತ ಹೆಚ್ಚು. ಭಾಗಿಸಿ ನೋಡಿದರೆ ಎಕರೆಗೆ ಸರಾಸರಿ ಹದಿನಾಲ್ಕೂವರೆ ಕ್ವಿಂಟಾಲ್. ನಾನು ಮೇಲೆ ಹಿಡಿದ 20 ಕ್ವಿಂಟಾಲ್ ನೀರು, ಗೊಬ್ಬರ ಎರಡೂ ಸರಿಯಾಗಿ ಸಿಕ್ಕ ಹೊಲದ್ದು. ದೇಶದ ಸರಾಸರಿ ಹಿಡಿದರೆ ಆರೂವರೆ ಸೀಸೆ ಐದಕ್ಕೂ ಕಡಿಮೆಯಾಗುತ್ತದೆ. ಅದೇ ವರ್ಷ 1.53 ಲಕ್ಷ ಟನ್ ರಫ್ತಾಗಿ 20.7 ಕೋಟಿ ಡಾಲರ್ ಬಂತು. ಆಗಿನ ವಿನಿಮಯ ದರ 80 ರೂಪಾಯಿ ಎಂದುಕೊಂಡರೆ ಕಿಲೊಗೆ 108 ರೂಪಾಯಿ. ನಾವು ಅರಿಶಿನವನ್ನು ಕಿಲೊಗೆ ನೂರು ಚಿಲ್ಲರೆಗೆ ಕಳಿಸುತ್ತೇವೆ, ಅದರ ಗುಣವನ್ನು ಅಳೆಯುವ ಪ್ರತಿಕಾಯವನ್ನು ಮೈಕ್ರೊಲೀಟರಿಗೆ 400 ರೂಪಾಯಿಯಂತೆ ತರಿಸುತ್ತೇವೆ.

ರೈತನಿಗೆ ಎಕರೆಗೆ 8ರಿಂದ 10 ಕ್ವಿಂಟಾಲ್ ಬಿತ್ತನೆ ಗೆಡ್ಡೆ ಬೇಕು. ಏಪ್ರಿಲ್-ಜೂನ್ ನಡುವೆ ಹೂತರೆ ಜನವರಿಯಿಂದ ಮಾರ್ಚಿಗೆ ಕೀಳುವುದು. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಯಿಸಿ, 10-15 ದಿನ ಬಿಸಿಲಿಗೆ ಹರವಿ, ತೇವಾಂಶ ಶೇ. 10ರ ಹತ್ತಿರ ಬರುವವರೆಗೆ ಒಣಗಿಸಬೇಕು. ಆಮೇಲೆ ಡ್ರಮ್ಮಿನಲ್ಲಿ ಪಾಲಿಶ್. ಚಾಮರಾಜನಗರದ ಎಪಿಎಂಸಿಯಲ್ಲಿ ಮಾರಬಹುದು. ದೊಡ್ಡ ಮಂಡಿ ಬೇಕೆಂದರೆ ತಮಿಳುನಾಡಿನ ಈರೋಡು. ಅಲ್ಲಿಗೆ ಹೋಗುವ ಲಾರಿ ದಿಂಬಂ ಘಾಟಿಯ 27 ತಿರುವು ಇಳಿಯಬೇಕು, 2022ರ ಫೆಬ್ರವರಿಯಿಂದ ಆ ಘಾಟಿಯಲ್ಲಿ ರಾತ್ರಿ ಸರಕು ವಾಹನಗಳ ಸಂಚಾರಕ್ಕೆ ನಿರ್ಬಂಧವಿದೆ. ಗುಂಡ್ಲುಪೇಟೆಯಿಂದ ಕೇರಳ, ಊಟಿ ಕಡೆಗೆ ಹೋಗುವ ಬಂಡೀಪುರದ ರಸ್ತೆಗಳೂ 2009ರಿಂದ ರಾತ್ರಿ 9ಕ್ಕೆ ಮುಚ್ಚುತ್ತವೆ. ಕಾಡಿಗೆ ಅದು ಬೇಕು, ನನಗೆ ಅದರಲ್ಲಿ ತಕರಾರಿಲ್ಲ. ಮಾರುಕಟ್ಟೆಗೆ ಹೋಗುವ ದಾರಿಯ ಗಂಟೆಗಳೂ ಬೆಳೆಯ ಖರ್ಚಿಗೆ ಸೇರುತ್ತವೆ ಎಂಬುದಷ್ಟೇ ಇಲ್ಲಿಯ ಮಾತು.

ಬೆಲೆಯ ಓಲಾಟ ನೋಡಿ. 2010ರಲ್ಲಿ ಕ್ವಿಂಟಾಲಿಗೆ 15,000 ದಾಟಿದ್ದ ಅರಿಶಿನ 2012ರಲ್ಲಿ 4,000ದ ಆಸುಪಾಸಿಗೆ ಬಿತ್ತು. ಆ ಬೆಲೆಗೆ ಎಕರೆಯ 20 ಕ್ವಿಂಟಾಲಿನಿಂದ 80,000 ರೂಪಾಯಿ, ಇಂದಿನ ಎರಡು ಸೀಸೆ. ಎರಡು ವರ್ಷದಲ್ಲಿ ಅರಿಶಿನದೊಳಗಿನ ಕರ್ಕ್ಯುಮಿನ್ ಒಂದು ಕಾಳಿನಷ್ಟೂ ಕಡಿಮೆಯಾಗಿರಲಿಲ್ಲ.

ಕರ್ಕ್ಯುಮಿನ್ ಎಲ್ಲ ಗೆಡ್ಡೆಯಲ್ಲೂ ಒಂದೇ ಸಮ ಇರುವುದಿಲ್ಲ. ಹೊಲದಲ್ಲಿ ಸಾಮಾನ್ಯವಾಗಿ ಶೇ. 2ರಿಂದ 5ರ ನಡುವೆ. ಕೋಯಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರತಿಭಾ ತಳಿಯಲ್ಲಿ 6.2, ಪ್ರಭಾದಲ್ಲಿ 6.5. ಶೇ. 3ರ ಅರಿಶಿನಕ್ಕೆ ಕಿಲೊಗೆ 130 ಸಿಕ್ಕರೆ ಒಂದು ಗ್ರಾಂ ಹಳದಿ ಅಂಶಕ್ಕೆ 4 ರೂಪಾಯಿ 33 ಪೈಸೆ ಬಿತ್ತು. ಅದೇ ದರದಲ್ಲಿ ಪ್ರತಿಭಾಗೆ ಕಿಲೊಗೆ 268 ಸಿಗಬೇಕು. ಮಂಡಿಯಲ್ಲಿ ಬೆಲೆ ಕಟ್ಟುವುದು ಮುಖ್ಯವಾಗಿ ಕಣ್ಣಿಂದ: ಕೊಂಬಿನ ಉದ್ದ, ಗಟ್ಟಿತನ, ಮುರಿದಾಗ ಒಳಗಿನ ಬಣ್ಣ, ಪಾಲಿಶ್. ಶೇ. 2 ಮತ್ತು 3ರ ವ್ಯತ್ಯಾಸ ಕಣ್ಣಿಗೆ ನಿಖರವಾಗಿ ಸಿಗುವಂಥದ್ದಲ್ಲ. ರೈತನಿಗೆ ಅದರಲ್ಲಿ ಪ್ರತಿ ಕಿಲೊಗೂ ನಲವತ್ಮೂರು ರೂಪಾಯಿಯ ವ್ಯತ್ಯಾಸ ಇದೆ.

ಪ್ರಯೋಗಾಲಯದ ಉತ್ತರ ಎಲ್ಲಿಯವರೆಗೆ?

ಜಕ್ಕೂರಿನ ತಂಡ ಕಂಡದ್ದು ಗಟ್ಟಿ ವಿಷಯ. ಕರ್ಕ್ಯುಮಿನ್ ಪಿ300 ಮತ್ತು ಅದರ ಜೋಡಿ ಸಿಬಿಪಿ ಕಿಣ್ವಗಳನ್ನು ತಡೆಯಿತು, ಪಿಸಿಎಎಫ್ ಎಂಬ ಇನ್ನೊಂದು ಅಸಿಟೈಲ್ ಕಿಣ್ವವನ್ನು ತಡೆಯಲಿಲ್ಲ. ಜೀವಕೋಶದೊಳಗೆ ಪಿ53 ಮೇಲಿನ ಅಸಿಟೈಲ್ ಇಳಿಯಿತು. ಎಚ್‌ಐವಿಯ ಟ್ಯಾಟ್ ಪ್ರೋಟೀನಿಗೆ ಪಿ300 ಅಸಿಟೈಲ್ ಅಂಟಿಸುವುದೂ ನಿಂತಿತು. ಇದೇ ತಂಡ ಅದೇ ವರ್ಷ ಪಶ್ಚಿಮಘಟ್ಟದ ಮುರುಗಲು ಹಣ್ಣಿನ ಸಿಪ್ಪೆಯ ಗಾರ್ಸಿನಾಲ್ ಬಗ್ಗೆ, ಅದಕ್ಕೂ ಮೊದಲು 2003ರಲ್ಲಿ ಗೋಡಂಬಿ ಸಿಪ್ಪೆಯ ಎಣ್ಣೆಯಲ್ಲಿರುವ ಅನಕಾರ್ಡಿಕ್ ಆಮ್ಲದ ಬಗ್ಗೆ ಬರೆದಿತ್ತು. 2010ರಲ್ಲಿ ಬಾಯಿ ಕ್ಯಾನ್ಸರಿನ ಅಂಗಾಂಶಗಳಲ್ಲಿ ಹಿಸ್ಟೋನ್ ಅಸಿಟೈಲ್ ಮಿತಿಮೀರಿ ಹೆಚ್ಚಿರುವುದನ್ನೂ, ನೀರಿನಲ್ಲಿ ಕರಗುವಂತೆ ಮಾಡಿದ ಕರ್ಕ್ಯುಮಿನ್ ರೂಪ ಸಿಟಿಕೆ7ಎ ಇಲಿಗಳಲ್ಲಿ ಗೆಡ್ಡೆಯ ಬೆಳವಣಿಗೆ ತಡೆಯುವುದನ್ನೂ ವರದಿ ಮಾಡಿತು. ತಂಬಾಕು ಜಗಿಯುವ ಚಟ ಹೆಚ್ಚಿರುವ ನಮ್ಮ ಕಡೆಗೆ ಇದು ದೂರದ ಸುದ್ದಿಯಲ್ಲ.

'ನೀರಿನಲ್ಲಿ ಕರಗುವಂತೆ ಮಾಡಿದ' ಎಂಬಲ್ಲಿ ತಡೆದು ನಿಲ್ಲಬೇಕು. ಅಡುಗೆಯ ಅರಿಶಿನ ರಕ್ತಕ್ಕೆ ಎಷ್ಟು ಸೇರುತ್ತದೆ ಎಂಬ ಲೆಕ್ಕವೂ ಬೆಂಗಳೂರಿನಲ್ಲೇ ಆಗಿದೆ. 1998ರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಆರೋಗ್ಯವಂತ ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟರು. ನಮ್ಮ ಶೇ. 3ರ ಅರಿಶಿನದಿಂದ ಅಷ್ಟು ಪಡೆಯಲು ಒಂದೇ ಸಲಕ್ಕೆ 89 ಗ್ರಾಂ ಪುಡಿ ತಿನ್ನಬೇಕು. ರಕ್ತದಲ್ಲಿ ಕಂಡ ಗರಿಷ್ಠ ಪ್ರಮಾಣ ಮಿಲಿಲೀಟರಿಗೆ 0.006 ಮೈಕ್ರೊಗ್ರಾಂ. ಜೊತೆಗೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಅದು 0.18ಕ್ಕೆ ಏರಿತು. ದೇಹಕ್ಕೆ ದಕ್ಕುವ ಪ್ರಮಾಣ ಶೇ. 2,000ರಷ್ಟು ಹೆಚ್ಚಿತು ಎಂದು ಎಲ್ಲೆಡೆ ಹೇಳುವ ಮಾತಿನ ಮೂಲ ಈ ಪ್ರಯೋಗ. ಆ ಹೆಚ್ಚಳ ನಿಜ. ಆದರೆ ಪಿ300 ಕಿಣ್ವವನ್ನು ಅರ್ಧಕ್ಕಿಳಿಸಲು ಬೇಕಾದದ್ದು ಮಿಲಿಲೀಟರಿಗೆ 9.2 ಮೈಕ್ರೊಗ್ರಾಂ. ಮೆಣಸಿಲ್ಲದೆ 1,500 ಪಟ್ಟು ಕೊರತೆ, ಮೆಣಸು ಸೇರಿಸಿದರೂ 50 ಪಟ್ಟು ಕೊರತೆ. ದಿನಕ್ಕೆ 2 ಗ್ರಾಂ ಅರಿಶಿನ ಬೀಳುವ ಸಾರಿನಲ್ಲಿ ಕರ್ಕ್ಯುಮಿನ್ ಇರುವುದು 45 ಮಿಲಿಗ್ರಾಂ, ಆ ಪ್ರಯೋಗದ ನಲವತ್ನಾಲ್ಕನೇ ಒಂದು ಪಾಲಿನಷ್ಟು.

2017ರಲ್ಲಿ ಅಮೆರಿಕದ ಔಷಧ ರಸಾಯನಶಾಸ್ತ್ರದ ಪ್ರಮುಖ ಪತ್ರಿಕೆಯೊಂದು ಕರ್ಕ್ಯುಮಿನ್ ಕುರಿತ ದೀರ್ಘ ವಿಮರ್ಶೆ ಪ್ರಕಟಿಸಿತು. 120ಕ್ಕೂ ಹೆಚ್ಚು ಮಾನವ ಪ್ರಯೋಗಗಳು ನಡೆದಿದ್ದರೂ, ಔಷಧವನ್ನೂ ಹುಸಿ ಗುಳಿಗೆಯನ್ನೂ ವೈದ್ಯರು, ರೋಗಿಗಳು ಇಬ್ಬರಿಗೂ ತಿಳಿಯದಂತೆ ಕೊಟ್ಟು ನಡೆಸಿದ ಯಾವ ಪ್ರಯೋಗವೂ ಅಲ್ಲಿಯವರೆಗೆ ಗೆದ್ದಿಲ್ಲ ಎಂದಿತು. ಕರ್ಕ್ಯುಮಿನ್ ಹಲವು ಪ್ರೋಟೀನುಗಳಿಗೆ ಸುಮ್ಮನೆ ಅಂಟುತ್ತದೆ, ತಾನೇ ಬೆಳಕು ಹೊಮ್ಮಿಸಿ ಬಣ್ಣ ನೋಡಿ ಅಳೆಯುವ ಪರೀಕ್ಷೆಗಳನ್ನು ದಾರಿ ತಪ್ಪಿಸುತ್ತದೆ ಎಂಬ ಎಚ್ಚರಿಕೆಯೂ ಅದರಲ್ಲಿತ್ತು. ಪ್ರತಿಕಾಯದ ಪರೀಕ್ಷೆಗೆ ಬೆಲೆ ಬರುವುದು ಇಲ್ಲಿಯೇ. ಪ್ರೋಟೀನನ್ನು ಜೆಲ್‌ನಲ್ಲಿ ಓಡಿಸಿ, ಪೊರೆಗೆ ದಾಟಿಸಿ, ಮತ್ತೆ ಮತ್ತೆ ತೊಳೆಯುವಷ್ಟರಲ್ಲಿ ಹಳದಿ ಬಣ್ಣ ಹಿಂದೆ ಉಳಿದಿರುತ್ತದೆ. ಪ್ರತಿಕಾಯ ಸರಿಯಾದದ್ದಾಗಿದ್ದು ಪಟ್ಟಿ ಕಂಡರೆ ಅದು ಅಸಿಟೈಲಿನದೇ, ಕರ್ಕ್ಯುಮಿನ್ನಿನ ಹೊಳಪಿನದಲ್ಲ. ವಿಕಿರಣಶೀಲ ಗುರುತು ಹಾಕಿದ ಅಸಿಟೈಲ್ ಬಳಸುವ ಇನ್ನೊಂದು ವಿಧಾನವೂ ಅದನ್ನೇ ಹೇಳಿದರೆ ಮಾತು ಇನ್ನಷ್ಟು ಗಟ್ಟಿ. ಅರಿಶಿನದ ಬಗ್ಗೆ ನಂಬಬಹುದಾದ ಉತ್ತರ ಬೇಕೆಂದರೆ ನಾಲ್ಕು ಸಾವಿರದ ಪೊರೆಯನ್ನು ತಪ್ಪಿಸಲಾಗದು. ಅದು ದುಬಾರಿ, ಆದರೆ ದಂಡವಲ್ಲ.

ಹಾಗಾದರೆ ಚಾಮರಾಜನಗರಕ್ಕೆ ಏನು ಬೇಕು? ಎರಡು ಬೇಕು, ಎರಡರ ಬೆಲೆಯೂ ಬೇರೆ. 2016ರಿಂದ ಇಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ, 2023ರಲ್ಲಿ ಒಂದು ವಿಶ್ವವಿದ್ಯಾಲಯವೂ ಶುರುವಾಯಿತು. ಇವೂ ಅರವತ್ತು ಕಿಲೊಮೀಟರ್ ದೂರದ ಮೈಸೂರಿನ ಕಾಲೇಜುಗಳೂ ಸೇರಿ ಪ್ರತಿಕಾಯಗಳನ್ನು ಒಂದೇ ಮೈನಸ್ 20 ಡಿಗ್ರಿಯ ಪೆಟ್ಟಿಗೆಯಲ್ಲಿಟ್ಟು ಹಂಚಿಕೊಳ್ಳಬೇಕು. ಐದು ಕಡೆ ಐದು ಸೀಸೆ ಕೊಂಡರೆ 2,00,000, ಒಂದನ್ನು ಹಂಚಿಕೊಂಡರೆ 40,000. ಮುಂದಿನ ಹೆಜ್ಜೆ ಇಲ್ಲಿಯೇ ತಯಾರಿಸುವುದು. ಒಂದು ಮೊಲದಿಂದ, ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆಯಲ್ಲಿ, ಕೆಲವು ತಿಂಗಳಲ್ಲಿ 50 ಮಿಲಿಲೀಟರ್ ಸೀರಂ ಸಿಕ್ಕಿತು ಎಂದುಕೊಂಡರೆ ಅದು 500 ಸೀಸೆಗಳ ಅಳತೆ. ಶುದ್ಧೀಕರಣದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹೋದರೂ 50 ಸೀಸೆ ಉಳಿಯುತ್ತದೆ, ಆಮದು ಬೆಲೆಯಲ್ಲಿ 20 ಲಕ್ಷ ರೂಪಾಯಿ.

ರೈತನಿಗೆ ಬೇಕಾದ ಅಳತೆ ಇದಕ್ಕಿಂತ ಎಷ್ಟೋ ಅಗ್ಗ. 0.1 ಗ್ರಾಂ ಅರಿಶಿನ ಪುಡಿಯನ್ನು ಮದ್ಯಸಾರದಲ್ಲಿ ಕುದಿಸಿ, ಸೋಸಿ, 100 ಮಿಲಿಲೀಟರಿಗೆ ತುಂಬಿಸಿ, ಹತ್ತು ಪಟ್ಟು ತೆಳುಮಾಡಿ, 425 ನ್ಯಾನೊಮೀಟರ್ ಬೆಳಕಿನಲ್ಲಿ ನೋಡಿದರೆ ಶೇ. 3ರ ಅರಿಶಿನ 0.48 ಎಂದು ತೋರಿಸುತ್ತದೆ, ಶೇ. 5ರದ್ದು 0.80. ಪ್ರತಿಕಾಯ ಬೇಡ, ಮೈನಸ್ 20 ಬೇಡ. ಬೆಳಕಿನ ಹೀರಿಕೆ ಅಳೆಯುವ ಸಾಧಾರಣ ಯಂತ್ರಕ್ಕೆ ನನ್ನ ಅಂದಾಜಿನಲ್ಲಿ ಒಂದು ಲಕ್ಷದ ಆಸುಪಾಸು, ಎರಡೂವರೆ ಸೀಸೆಯ ಹಣ. ಒಂದು ಮಾದರಿಗೆ ನೂರು ರೂಪಾಯಿಯ ಆಚೀಚೆ. 20 ಕ್ವಿಂಟಾಲಿನ ಲಾಟಿನಲ್ಲಿ ಶೇ. 1 ಹೆಚ್ಚಿದೆ ಎಂದು ಗೊತ್ತಾಗಿ, ಅದರ ಕಾಲು ಭಾಗದಷ್ಟು ಬೆಲೆಯನ್ನಾದರೂ ವ್ಯಾಪಾರಿ ಕೊಟ್ಟರೆ ರೈತನಿಗೆ 21,000 ರೂಪಾಯಿ ಹೆಚ್ಚು.

2025ರ ಜನವರಿಯಲ್ಲಿ ನಿಜಾಮಾಬಾದಿನಲ್ಲಿ ರಾಷ್ಟ್ರೀಯ ಅರಿಶಿನ ಮಂಡಳಿ ಶುರುವಾಗಿದೆ. ಆ ಮಂಡಳಿಗೂ, ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೂ, ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಎಪಿಎಂಸಿಗಳಿಗೂ ನನ್ನ ಕೋರಿಕೆ ಒಂದೇ: ಬರುವ ಜನವರಿಯ ಸುಗ್ಗಿಯಿಂದಲೇ ಅರಿಶಿನದ ಪ್ರತಿ ಲಾಟಿನ ಚೀಟಿಯ ಮೇಲೆ ತೂಕ ಮತ್ತು ತೇವಾಂಶದ ಜೊತೆಗೆ ಕರ್ಕ್ಯುಮಿನ್ ಶೇಕಡಾ ಎಷ್ಟು ಎಂದೂ ಬರೆಯಿರಿ.